ಕೂಸಿನ ಎದೆ ಕಾಯೋ ಸೂಜಿ: ಅಂಗನವಾಡಿಯದ್ದೋ, ಕ್ಲಿನಿಕ್ಕಿನದ್ದೋ?

ತಂಗಿ ಬಾಣಂತನಕ್ಕೆ ದಾವಣಗೆರೆಗೆ ಬಂದಿದ್ದಾಳೆ. ಕೂಸಿಗೆ ಐದು ವಾರ. ಮೊನ್ನೆ ಅವಳ ದಿಂಬಿನ ಪಕ್ಕ ಎರಡು ಕಾಗದ ಬಿದ್ದಿದ್ದವು. ಒಂದು ತಾಯಿ ಕಾರ್ಡ್. ಇನ್ನೊಂದು ಪ್ರೈವೇಟ್ ಕ್ಲಿನಿಕ್ಕಿನವರು ಕೊಟ್ಟ ಬಣ್ಣದ ಪಟ್ಟಿ. ಕಾರ್ಡಿಗಿಂತ ಪಟ್ಟಿಯಲ್ಲಿ ಹೆಸರು ಜಾಸ್ತಿ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ರೇಟು ಬೇರೆ.

"ಅಕ್ಕಾ, ಯಾವ್ದು ಹಾಕಿಸ್ಲಿ? ಫ್ರೀದು ಹಾಕಿಸಿದ್ರೆ ಕೂಸಿಗೆ ಏನೂ ಕಮ್ಮಿ ಆಗಲ್ಲ ಅಲ್ವಾ?"

ನನ್ನ ದೊಡ್ಡವನು 2018ರಲ್ಲಿ ಹುಟ್ಟಿದ, ಚಿಕ್ಕವಳು 2022ರಲ್ಲಿ. ದೊಡ್ಡವನಿಗೆ ಹೆಚ್ಚುಕಮ್ಮಿ ಎಲ್ಲಾ ಪ್ರೈವೇಟ್. ಚಿಕ್ಕವಳಿಗೆ ಹೆಚ್ಚುಕಮ್ಮಿ ಎಲ್ಲಾ ಸರ್ಕಾರಿ. ಎರಡೂ ಕಡೆ ಸಾಲಿನಲ್ಲಿ ಕೂತು ಬಂದವಳು ನಾನು. ಡಾಕ್ಟರ್ ಅಲ್ಲ. ಆದರೆ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಸಿಕ್ಕ ಡಾಕ್ಟರನ್ನೆಲ್ಲ, ಸಿಸ್ಟರನ್ನೆಲ್ಲ ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ತಂಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಮ್ಮು, ಕಫ, ಉಸಿರಿಗೆ ಸಂಬಂಧಪಟ್ಟದ್ದು ಮಾತ್ರ.

ಯಾವ ಸೂಜಿ ಯಾವುದಕ್ಕೆ

"ಕೂಸಿಗೆ ಎದೆ ಕಟ್ಟಿದೆ" ಅಂತ ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅದರೊಳಗೆ ಹತ್ತು ಬಗೆ ಇರುತ್ತದೆ. ಬಹಳಷ್ಟು ಸಲ ಅದು ಸುಮ್ನೆ ನೆಗಡಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಆಗುವುದು ಮಾಮೂಲು. ಅಂಗನವಾಡಿಗೋ ಪ್ಲೇ ಹೋಮ್‌ಗೋ ಹೋಗಲು ಶುರು ಮಾಡಿದರೆ ಇನ್ನೂ ಜಾಸ್ತಿ. ಇದನ್ನು ತರುವ ವೈರಸ್‌ಗಳು ನೂರಾರು. ಅವಕ್ಕೆ ಸರ್ಕಾರಿಯಲ್ಲೂ ಸೂಜಿ ಇಲ್ಲ, ಪ್ರೈವೇಟ್‌ನಲ್ಲೂ ಇಲ್ಲ. "ಇಷ್ಟೆಲ್ಲಾ ಸೂಜಿ ಹಾಕಿಸಿದ್ರೂ ನೆಗಡಿ ಬಿಡ್ಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರಿಗೆ ಇದು ಮೊದಲು ಗೊತ್ತಿರಬೇಕು.

ಆರ್‌ಎಸ್‌ವಿ ಅಂತ ಒಂದು ವೈರಸ್ ಇದೆ. ದೊಡ್ಡವರಿಗೆ ಬಂದರೆ ಸಾಮಾನ್ಯವಾಗಿ ನೆಗಡಿ, ಅಷ್ಟೇ. ಎರಡು ವರ್ಷದೊಳಗಿನ ಕೂಸಿಗೆ, ಅದರಲ್ಲೂ ಮೊದಲ ಆರು ತಿಂಗಳಲ್ಲಿ ಬಂದರೆ ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಂಡು ಸುಯ್ ಸುಯ್ ಅನ್ನುತ್ತದೆ. ತಾಯಿ ಕಾರ್ಡಿನಲ್ಲಿ ಇದಕ್ಕೂ ಸೂಜಿ ಇಲ್ಲ. ಆಂಟಿಬಯೋಟಿಕ್ ಕೊಟ್ಟರೂ ಇದು ಬಗ್ಗುವುದಿಲ್ಲ.

ಹಾಗಾದರೆ ಸೂಜಿ ತಡೆಯುವುದು ಯಾವುದನ್ನು? ಜೀವಕ್ಕೆ ಕುತ್ತು ತರುವ ಕೆಲವನ್ನು. ಪೆಂಟಾ ಅನ್ನುವ ಒಂದು ಸೂಜಿಯಲ್ಲಿ ಐದು ರೋಗದ ಮದ್ದಿದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್. ಹಿಬ್ ಅನ್ನುವುದು ನ್ಯುಮೋನಿಯಾ, ಮೆದುಳು ಜ್ವರ ಎರಡನ್ನೂ ತರುವ ಬ್ಯಾಕ್ಟೀರಿಯಾ. ನಾಯಿಕೆಮ್ಮು ದೊಡ್ಡ ಮಕ್ಕಳಲ್ಲಿ ಗದ್ದಲದ ಕೆಮ್ಮು. ಎಳೆ ಕೂಸುಗಳಲ್ಲಿ ಕೆಮ್ಮೇ ಕೇಳಿಸದೆ ಉಸಿರು ನಿಂತುಹೋಗಬಹುದು. ಪಿಸಿವಿ ಅನ್ನುವುದು ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ. ಮಕ್ಕಳ ನ್ಯುಮೋನಿಯಾದಲ್ಲಿ ಬಹಳ ಕೆಟ್ಟದ್ದು ಇದರದ್ದೇ.

ಒಂಬತ್ತನೇ ತಿಂಗಳ ಎಂಆರ್ ಸೂಜಿ ದಡಾರ ಮತ್ತು ರುಬೆಲ್ಲಾಕ್ಕೆ. "ದಡಾರಕ್ಕೂ ಎದೆಗೂ ಏನು ಸಂಬಂಧ?" ಅಂತ ನಮ್ಮ ಅತ್ತೆ ಕೇಳಿದ್ದರು. ನಮ್ಮ ಕಡೆ ದಡಾರ ಎದ್ದರೆ ಅಮ್ಮ ಬಂದಿದ್ದಾಳೆ ಅಂತ ಬೇವಿನಸೊಪ್ಪು ಕಟ್ಟಿ ಕೂರುವುದು ರೂಢಿ. ಗುಳ್ಳೆ ಇಳಿದ ಮೇಲೆ ಎಲ್ಲಾ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ದಡಾರದಲ್ಲಿ ಮಕ್ಕಳು ಸಾಯುವುದು ಹೆಚ್ಚಾಗಿ ಅದರ ಬೆನ್ನಿಗೇ ಬರುವ ನ್ಯುಮೋನಿಯಾದಿಂದ. ಹಾಗಾಗಿ ಎಂಆರ್ ಕೂಡ ಎದೆ ಕಾಯುವ ಸೂಜಿಯೇ. ಹುಟ್ಟಿದಾಗ ಎಡತೋಳಿಗೆ ಹಾಕುವ ಬಿಸಿಜಿ ಮಕ್ಕಳನ್ನು ಕ್ಷಯದ ಭೀಕರ ರೂಪಗಳಿಂದ ಕಾಯುತ್ತದೆ.

ಇವೆಲ್ಲ ಸರ್ಕಾರಿ ಪಟ್ಟಿಯಲ್ಲಿ ಪುಕ್ಕಟೆ ಸಿಗುತ್ತವೆ. ಎದೆಯ ಲೆಕ್ಕದಲ್ಲಿ ಪ್ರೈವೇಟ್ ಪಟ್ಟಿಯಲ್ಲಿ ಮಾತ್ರ ಇರುವ ಹೊಸ ರೋಗ ಒಂದೇ, ಫ್ಲೂ. ಮಿಕ್ಕಿದ್ದೆಲ್ಲ ಅದೇ ರೋಗಕ್ಕೆ ಬೇರೆ ಬ್ರ್ಯಾಂಡು. ಇದು ಅರ್ಥವಾದ ಮೇಲೆ ನನ್ನ ತಲೆನೋವು ಅರ್ಧ ಇಳಿಯಿತು.

ಅಂಗನವಾಡಿ ಸಾಲು, ಕ್ಲಿನಿಕ್ ಸೋಫಾ

ದೊಡ್ಡವನಿಗೆ ಪಿಸಿವಿ ಹಾಕಿಸುವ ಹೊತ್ತಿಗೆ ಅದು ನಮ್ಮ ರಾಜ್ಯದಲ್ಲಿ ಪುಕ್ಕಟೆ ಇರಲಿಲ್ಲ. ಹಿಮಾಚಲ ಪ್ರದೇಶದಲ್ಲಿ, ಬಿಹಾರ ಮತ್ತು ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ 2017ರಲ್ಲೇ ಶುರುವಾಗಿತ್ತು. ದೇಶಕ್ಕೆಲ್ಲ ಬಂದದ್ದು 2021ರಲ್ಲಿ. ಅವನಿಗೆ ನಾಲ್ಕು ಡೋಸ್‌ಗೆ ಕೊಟ್ಟ ದುಡ್ಡಿನಲ್ಲಿ ಒಂದು ಫ್ರಿಜ್ ಬರುತ್ತಿತ್ತು ಅಂತ ನಮ್ಮೆಜಮಾನ್ರು ಇವತ್ತಿಗೂ ಹೇಳುತ್ತಾರೆ. ಚಿಕ್ಕವಳಿಗೆ ಅದೇ ರೋಗದ ಸೂಜಿಗೆ ನಾವು ಖರ್ಚು ಮಾಡಿದ್ದು ಆಟೋ ಚಾರ್ಜು ಮಾತ್ರ.

ನಮ್ಮ ಕಡೆ ಸೂಜಿ ದಿನ ಅಂದರೆ ಗುರುವಾರ. ಅಂಗನವಾಡಿಯಲ್ಲೋ, ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಹಾಕುತ್ತಾರೆ. ಜಿಲ್ಲಾ ಚಿಗಟೇರಿ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಸಾಲು ಇರುತ್ತದೆ, ಒಂದು ಕೂಸು ಅತ್ತರೆ ಹತ್ತು ಕೂಸು ಅಳುತ್ತವೆ. "ಇವತ್ತು ಹಾಕಲ್ಲ, ಗುರುವಾರ ಬನ್ನಿ" ಅಂತ ಕಳಿಸಿದರೆ ಸಿಟ್ಟು ಬರುತ್ತದೆ. ಅದಕ್ಕೂ ಕಾರಣ ಇದೆ. ಬಿಸಿಜಿ, ಎಂಆರ್ ತರಹದ ಬಾಟಲಿ ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳ ಡೋಸ್ ಇರುವುದರಿಂದ ಎಲ್ಲರನ್ನೂ ಒಂದೇ ದಿನ ಕರೆಯುತ್ತಾರೆ.

ಕ್ಲಿನಿಕ್‌ನಲ್ಲಿ ಯಾವ ದಿನವಾದರೂ ಹೋಗಬಹುದು. ಒಂದು ಕೂಸಿಗೆ ಒಂದು ಸಿರಿಂಜ್, ಮೊದಲೇ ತುಂಬಿದ್ದು. ಮುಂದಿನ ತಾರೀಖು ಮೊಬೈಲ್‌ಗೆ ಬರುತ್ತದೆ. ಡಾಕ್ಟರ್ ಕೂಸನ್ನು ಒಂದು ಸಲ ಪೂರ್ತಿ ನೋಡುತ್ತಾರೆ, ತೂಕ ಹಾಕುತ್ತಾರೆ, ನಮ್ಮ ಹತ್ತು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ನನ್ನ ಪ್ರಕಾರ ಪ್ರೈವೇಟ್‌ನಲ್ಲಿ ನಾವು ದುಡ್ಡು ಕೊಡುವುದು ಈ ಅನುಕೂಲಕ್ಕೆ. ಕೆಲಸಕ್ಕೆ ಹೋಗುವ ತಾಯಿಗೆ ಗುರುವಾರ ರಜೆ ಸಿಗುವುದಿಲ್ಲ ಅಂದರೆ ಅದಕ್ಕೆ ಬೆಲೆ ಇದ್ದೇ ಇದೆ.

"ಸರ್ಕಾರಿದು ಫ್ರಿಜ್‌ನಲ್ಲಿ ಸರಿಯಾಗಿ ಇಟ್ಟಿರಲ್ಲ" ಅನ್ನುವ ಮಾತು ಬಹಳ ಕೇಳಿದ್ದೇನೆ. ಸರ್ಕಾರಿ ಲಸಿಕೆ ಬಾಟಲಿ ಮೇಲೆ ಒಂದು ಚಿಕ್ಕ ಗುರುತು ಇರುತ್ತದೆ: ಒಂದು ವೃತ್ತ, ಅದರೊಳಗೆ ಒಂದು ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ. ಬಿಸಿ ತಗುಲಿದಂತೆಲ್ಲ ಚೌಕ ಕಪ್ಪಾಗುತ್ತದೆ. ಎರಡೂ ಒಂದೇ ಬಣ್ಣಕ್ಕೆ ಬಂದರೆ ಅದನ್ನು ಹಾಕುವಂತಿಲ್ಲ. "ಸಿಸ್ಟರ್, ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ನನಗೆ ಹೆದರಿಕೆ ಇರುವುದು ಇನ್ನೊಂದು ಕಡೆ. ಕೆಲವರು ಚೀಟಿ ಬರೆದು "ಮೆಡಿಕಲ್ ಶಾಪ್‌ನಿಂದ ತಗೊಂಡು ಬನ್ನಿ" ಅನ್ನುತ್ತಾರೆ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಅದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಸ್ಕೂಟರ್‌ನಲ್ಲಿ ಊರು ಸುತ್ತಿದರೆ ಕೊಟ್ಟ ದುಡ್ಡು ಕರಗಿಹೋಗುತ್ತದೆ. ಐಸ್‌ಗೆ ನೇರ ತಾಗಿಸಿ ತಂದರೂ ಕಷ್ಟ, ಪೆಂಟಾ ಮತ್ತು ಪಿಸಿವಿ ಹೆಪ್ಪುಗಟ್ಟಿದರೆ ಕೆಡುತ್ತವೆ. ಪ್ರೈವೇಟ್ ಆದರೆ ಲಸಿಕೆಯನ್ನು ತಮ್ಮಲ್ಲೇ ಫ್ರಿಜ್‌ನಲ್ಲಿ ಇಟ್ಟುಕೊಳ್ಳುವ ಕಡೆ ಹೋಗಿ.

ಹತ್ತೋ, ಹದಿಮೂರೋ

ತಂಗಿ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ನ್ಯುಮೋಕಾಕಸ್‌ನಲ್ಲಿ ನೂರರ ಹತ್ತಿರ ಬಗೆ ಇವೆ. ಪಿಸಿವಿ ಪಕ್ಕ ಬರೆಯುವ ಅಂಕಿ, ಅದು ಎಷ್ಟು ಬಗೆಯನ್ನು ತಡೆಯುತ್ತದೆ ಅನ್ನುವ ಲೆಕ್ಕ. ಪುಣೆಯ ಸೀರಂ ಸಂಸ್ಥೆಯ ನ್ಯೂಮೋಸಿಲ್ ಹತ್ತರದ್ದು. 2020ರ ಡಿಸೆಂಬರ್‌ನಲ್ಲಿ ಬಂತು, ನಮ್ಮ ದೇಶದಲ್ಲೇ ತಯಾರಾದ ಮೊದಲ ಪಿಸಿವಿ. ಫೈಜರ್‌ನ ಪ್ರಿವೆನಾರ್ 13 ಹದಿಮೂರರದ್ದು. ಹದಿನಾಲ್ಕರದ್ದೂ ಇದೆ.

ಹದಿಮೂರು ಹತ್ತಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಎರಡರ ಪಟ್ಟಿಯನ್ನು ಎದುರುಬದುರು ಇಟ್ಟರೆ ಹೆಚ್ಚಿಗೆ ಇರುವುದು ಮೂರೇ ಬಗೆ, ಅವುಗಳ ಹೆಸರು 3, 4 ಮತ್ತು 18ಸಿ. ನಮ್ಮಂಥ ದೇಶಗಳಲ್ಲಿ ಮಕ್ಕಳನ್ನು ಹೆಚ್ಚು ಕಾಡುವ 6ಎ, 6ಬಿ, 14, 19ಎ, 19ಎಫ್, 23ಎಫ್ ಮುಂತಾದವು ಹತ್ತರ ಪಟ್ಟಿಯಲ್ಲೇ ಇವೆ. ನ್ಯೂಮೋಸಿಲ್‌ನಲ್ಲಿ ಹತ್ತನ್ನು ಆರಿಸಿದ್ದೇ ಹೀಗೆ, ಬಡ ದೇಶಗಳ ಮಕ್ಕಳಲ್ಲಿ ಯಾವುದು ಜಾಸ್ತಿ ಅಂತ ನೋಡಿ.

ಇನ್ನೊಂದು ವ್ಯತ್ಯಾಸ ಡೋಸ್‌ನದ್ದು. ಸರ್ಕಾರಿಯಲ್ಲಿ ಮೂರು: ಆರನೇ ವಾರ, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತನೇ ತಿಂಗಳಲ್ಲಿ ಬೂಸ್ಟರ್. ಪ್ರೈವೇಟ್‌ನಲ್ಲಿ ನಾಲ್ಕು: ಆರು, ಹತ್ತು, ಹದಿನಾಲ್ಕನೇ ವಾರ, ಆಮೇಲೆ ಹನ್ನೆರಡರಿಂದ ಹದಿನೈದನೇ ತಿಂಗಳೊಳಗೆ ಬೂಸ್ಟರ್. ಮೂರು ಡೋಸ್‌ನ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಒಂದು ಡೋಸ್ ಕಳ್ಳತನವಾಯಿತು ಅಂತ ಯೋಚಿಸಬೇಡಿ.

ತಂಗಿಗೆ ಹೇಳಿದ್ದು ಇಷ್ಟೇ: ಕೂಸು ಆರೋಗ್ಯವಾಗಿದ್ದರೆ ಪುಕ್ಕಟೆಯದ್ದೇ ಸಾಕು. ತಿಂಗಳು ತುಂಬದೆ ಹುಟ್ಟಿದ ಕೂಸು, ಹೃದಯದಲ್ಲಿ ತೂತು ಇರುವ ಕೂಸು, ರೋಗನಿರೋಧಕ ಶಕ್ತಿಯದ್ದೇ ತೊಂದರೆ ಇರುವ ಕೂಸು ಆದರೆ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದಂತೆ ನಡೆಯಿರಿ. ಅಲ್ಲಿ ಲೆಕ್ಕ ಬೇರೆ. ಒಂದು ಬ್ರ್ಯಾಂಡಿನಲ್ಲಿ ಶುರು ಮಾಡಿದರೆ ಅದರಲ್ಲೇ ಮುಗಿಸುವುದು ಒಳ್ಳೆಯದು. ಸಿಗದೇ ಹೋದರೆ ಸಿಕ್ಕಿದ್ದನ್ನು ಹಾಕಿಸಿ. ಬ್ರ್ಯಾಂಡಿಗೋಸ್ಕರ ಡೋಸ್ ಬಿಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ನೋವಿಲ್ಲದ ಸೂಜಿ

ಪೆಂಟಾ ಹಾಕಿಸಿದ ರಾತ್ರಿ ಯಾವ ಮನೆಯಲ್ಲೂ ನಿದ್ದೆ ಇರುವುದಿಲ್ಲ. ತೊಡೆ ಊದುತ್ತದೆ, ಜ್ವರ ಬರುತ್ತದೆ, ಕೂಸು ಕಿರಿಕಿರಿ ಮಾಡುತ್ತದೆ. ಪ್ರೈವೇಟ್‌ನಲ್ಲಿ "ನೋವಿಲ್ಲದ್ದು" ಅಂತ ಕೊಡುವುದು ಬೇರೆ ಬಗೆ. ಚುಚ್ಚುವಾಗ ಅದೂ ನೋಯುತ್ತದೆ, ಆಮೇಲಿನ ಜ್ವರ, ಊತ ಮಾತ್ರ ಕಮ್ಮಿ. ವ್ಯತ್ಯಾಸ ಇರುವುದು ನಾಯಿಕೆಮ್ಮಿನ ಭಾಗದಲ್ಲಿ. ಸರ್ಕಾರಿ ಪೆಂಟಾದಲ್ಲಿ ಸತ್ತ ಬ್ಯಾಕ್ಟೀರಿಯಾ ಪೂರ್ತಿ ಇರುತ್ತದೆ. ನೋವಿಲ್ಲದ್ದರಲ್ಲಿ ಅದರ ಕೆಲವು ತುಣುಕು ಮಾತ್ರ.

ತುಣುಕಿನದ್ದರ ಕಾವಲು ಬೇಗ ಇಳಿಯುತ್ತದೆ, ಪೂರ್ತಿಯದ್ದು ಜಾಸ್ತಿ ದಿನ ನಿಲ್ಲುತ್ತದೆ. ಮಕ್ಕಳ ಡಾಕ್ಟರ್‌ಗಳ ಸಂಘ ಐಎಪಿ ಕೂಡ ಹಿಂದೆ ಮೊದಲ ಮೂರು ಡೋಸ್‌ಗೆ ಪೂರ್ತಿಯದ್ದೇ ಮೇಲು ಅಂದಿತ್ತು. ದೊಡ್ಡವನಿಗೆ ನಾವು ನೋವಿಲ್ಲದ್ದು ಹಾಕಿಸಿದ್ದೆವು, ಚಿಕ್ಕವಳಿಗೆ ನೋವಿನದ್ದು. ಈಗ ಕೇಳಿದರೆ ಎರಡನೆಯದ್ದನ್ನೇ ಆರಿಸುತ್ತೇನೆ. ಹಾಗಂತ ನೋವಿಲ್ಲದ್ದು ಹಾಕಿಸಿದವರು ತಪ್ಪು ಮಾಡಿದ ಹಾಗಲ್ಲ. ಒಂದೇ ಚುಚ್ಚಿಗೆ ಆರು ರೋಗ ಮುಗಿಸುವ ಹೆಕ್ಸಾ ಸೂಜಿಯಲ್ಲಿ ಪೋಲಿಯೊ ಕೂಡ ಸೇರಿರುತ್ತದೆ, ಒಂದು ಚುಚ್ಚು ತಪ್ಪುತ್ತದೆ. ಹಿಂದಿನ ಡೋಸ್‌ಗೆ ಕೂಸಿಗೆ ಫಿಟ್ಸ್ ಬಂದಿದ್ದರೆ ಅಥವಾ ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ ಅದನ್ನು ಮುಚ್ಚಿಡಬೇಡಿ, ಮುಂದಿನದ್ದಕ್ಕೆ ಮೊದಲೇ ಹೇಳಿ.

ಊದಿದ ತೊಡೆಗೆ ತಣ್ಣೀರಿನ ಬಟ್ಟೆ ಇಡಿ. ಉಜ್ಜಬೇಡಿ, ಎಣ್ಣೆ ನೀವಬೇಡಿ. ಜ್ವರಕ್ಕೆ ಕೂಸಿನ ತೂಕ ನೋಡಿ ಪ್ಯಾರಾಸಿಟಮಾಲ್ ಎಷ್ಟು ಹನಿ ಅಂತ ಸಿಸ್ಟರ್ ಹೇಳುತ್ತಾರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ: ಫ್ಲೂ

ಪ್ರೈವೇಟ್ ಪಟ್ಟಿಯಲ್ಲಿ ನಾನು ಮೊದಲು ಟಿಕ್ ಮಾಡುವುದು ಇದಕ್ಕೆ. ಸರ್ಕಾರಿ ಪಟ್ಟಿಯಲ್ಲಿ ಇದು ಇಲ್ಲ. ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಮೊದಲ ವರ್ಷ ಎರಡು ಡೋಸ್, ನಡುವೆ ನಾಲ್ಕು ವಾರ. ಆಮೇಲೆ ವರ್ಷಕ್ಕೊಂದು. ಐದು ವರ್ಷದ ತನಕ ಹಾಕಿಸಿ ಅಂತ ಐಎಪಿ ಹೇಳುತ್ತದೆ. ವರ್ಷ ವರ್ಷ ಯಾಕೆ ಅಂದರೆ ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಲಸಿಕೆಯನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸುತ್ತಾರೆ.

ಎಲ್ಲರಿಗೂ ಬೇಕೇ? ಮನೆಯಲ್ಲೇ ಇರುವ, ಒಂದೇ ಕೂಸಿನ, ಆರೋಗ್ಯವಂತ ಮನೆಯಲ್ಲಿ ದುಡ್ಡಿನ ತಾಪತ್ರಯ ಇದ್ದರೆ ಬಿಟ್ಟರೂ ನಾನು ಬೈಯುವುದಿಲ್ಲ. ಶಾಲೆಗೆ ಹೋಗುವ ಅಣ್ಣನೋ ಅಕ್ಕನೋ ಇದ್ದರೆ, ಕೂಸನ್ನು ಪ್ಲೇ ಹೋಮ್‌ನಲ್ಲಿ ಬಿಡುವುದಿದ್ದರೆ, ಪದೇ ಪದೇ ಸುಯ್ ಸುಯ್ ಅನ್ನುವ ಕೂಸಾದರೆ, ಹೃದಯದ ತೊಂದರೆ ಇದ್ದರೆ ಹಾಕಿಸಿ. ಹತ್ತಕ್ಕೂ ಹದಿಮೂರಕ್ಕೂ ನಡುವಿನ ಮೂರಕ್ಕೆ ಕೊಡುವ ದುಡ್ಡನ್ನು ಇಲ್ಲಿ ಹಾಕಿ ಅನ್ನುವುದು ನನ್ನ ಲೆಕ್ಕ.

ಯಾವಾಗ ಅನ್ನುವುದೂ ಮುಖ್ಯ. ನಮ್ಮ ಕಡೆ ಫ್ಲೂ ಏಳುವುದು ಮಳೆಗಾಲದಲ್ಲಿ, ಚಳಿ ಮುಗಿಯುವ ಹೊತ್ತಿನಲ್ಲಿ ಇನ್ನೊಮ್ಮೆ ಸಣ್ಣದಾಗಿ. ಸೂಜಿ ಹಾಕಿಸಿ ಎರಡು ವಾರ ಆದ ಮೇಲೆ ಶಕ್ತಿ ಬರುತ್ತದೆ. ಹಾಗಾಗಿ ಮುಂಗಾರಿಗೆ ಮೊದಲು, ಏಪ್ರಿಲ್-ಮೇನಲ್ಲಿ ಮುಗಿಸುವುದು ಒಳ್ಳೆಯದು. ತಂಗಿಯ ಕೂಸು ಅಕ್ಟೋಬರ್‌ನದ್ದು. ಏಪ್ರಿಲ್‌ಗೆ ಸರಿಯಾಗಿ ಆರು ತಿಂಗಳು. ಏಪ್ರಿಲ್‌ನಲ್ಲಿ ಒಂದು, ಮೇನಲ್ಲಿ ಒಂದು. ಲೆಕ್ಕ ತಾನಾಗೇ ಕೂತಿತು.

ನಮ್ಮದು ಮೊಟ್ಟೆ ಒಳಗೆ ಬಿಡದ ಮನೆ. ಫ್ಲೂ ಲಸಿಕೆಯನ್ನು ಹೆಚ್ಚಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ ಅಂತ ಯಾರೋ ಅತ್ತೆಯ ಕಿವಿಗೆ ಹಾಕಿದರು. ಎರಡು ದಿನ ಮಾತುಕತೆ ನಡೆಯಿತು. ಕೊನೆಗೆ ಮಾವನೇ "ಔಷಧಿಗೆ ಮಡಿ ಇಲ್ಲ, ಹಾಕ್ಸಿ" ಅಂದರು. ಎರಡು ವರ್ಷ ದಾಟಿದ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯೂ ಇದೆ. ಸೂಜಿ ಕಂಡರೆ ಓಡುವವರಿಗೆ ಅನುಕೂಲ, ಆದರೆ ಸುಯ್ ಸುಯ್ ಅನ್ನುವ ಮಕ್ಕಳಿಗೆ ಬೇಡ.

ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಸೂಜಿ ಇಲ್ಲ. ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡಿದ್ದರೆ ಅದರ ಕಾವಲೇ ಕೂಸಿಗೂ ಬರುತ್ತದೆ. ಈಗ ಬಸುರಿ ಇರುವವರು ಡಾಕ್ಟರ್ ಹತ್ತಿರ ಕೇಳಿ ನೋಡಿ.

ತವರಿನಲ್ಲೋ, ಗಂಡನ ಮನೆಯಲ್ಲೋ

ಬ್ರ್ಯಾಂಡ್ ಬಗ್ಗೆ ಅಷ್ಟು ಚರ್ಚೆ ಮಾಡುವ ನಾವು ಇದರ ಬಗ್ಗೆ ಮಾತೇ ಆಡುವುದಿಲ್ಲ. ನಮ್ಮ ಕಡೆ ಬಾಣಂತನ ತವರಿನಲ್ಲಿ. ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಮನೆಗೆ ಕಳಿಸುತ್ತಾರೆ. ಸೂಜಿಯ ಪಟ್ಟಿ ಈ ಎರಡು ಮನೆಗಳ ನಡುವೆ ಹರಿದು ಹಂಚಿಹೋಗುತ್ತದೆ. ತಂಗಿಯದ್ದೇ ನೋಡಿ. ಆರನೇ ವಾರ ಈ ನವೆಂಬರ್‌ನಲ್ಲಿ, ದಾವಣಗೆರೆಯಲ್ಲಿ. ಹದಿನಾಲ್ಕನೇ ವಾರ ಸಂಕ್ರಾಂತಿ ಹೊತ್ತಿಗೆ, ಅದೂ ಇಲ್ಲೇ. ಒಂಬತ್ತನೇ ತಿಂಗಳು ಬರುವುದು ಜುಲೈನಲ್ಲಿ, ಆಗ ಅವಳು ಜಗಳೂರು ಕಡೆಯ ಊರಿನಲ್ಲಿರುತ್ತಾಳೆ. ಅಲ್ಲಿನ ಆಶಾ ಅಕ್ಕನಿಗೆ ಈ ಕೂಸು ಹುಟ್ಟಿದ್ದೇ ಗೊತ್ತಿರುವುದಿಲ್ಲ.

ಚಿಕ್ಕವಳ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಆಗ ನಾವು ಚನ್ನಗಿರಿ ಕಡೆಯ ಹಳ್ಳಿಯಲ್ಲಿದ್ದೆವು. ಕಾರ್ಡ್ ತವರಿನ ಬೀರುವಿನಲ್ಲಿ ಉಳಿದಿತ್ತು. ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕಿಸಿದೆ, ಅದು ನೆನಪಿತ್ತು. ಪಿಸಿವಿ ಬೂಸ್ಟರ್ ನೆನಪೇ ಇರಲಿಲ್ಲ. ಹಿಂದೆ ಎಷ್ಟು ಡೋಸ್ ಆಗಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಭತ್ತದ ನಾಟಿ, ಅಲ್ಲಿ ಇಲ್ಲಿ ಓಡಾಟ ಅಂತ ಎರಡು ತಿಂಗಳು ಹೋಯಿತು. ಕಾರ್ಡ್ ತರಿಸಿಕೊಂಡು ಹೋದಾಗ ಸಿಸ್ಟರ್ ಚೆನ್ನಾಗಿ ಬೈದು ಹಾಕಿದರು. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಆಯಿತು ಅಂತ ಆಗ ಗೊತ್ತಾಯಿತು. ಆದರೆ ಸರ್ಕಾರಿಯಲ್ಲಿ ಪಿಸಿವಿಯ ಮೊದಲ ಡೋಸ್ ವರ್ಷದೊಳಗೆ ಬಿದ್ದಿರಬೇಕು. ಪೆಂಟಾಕ್ಕೂ ಹಾಗೆಯೇ.

ಎಲ್ಲಿ ಹಾಕಿಸುವುದು ಅನ್ನುವುದಕ್ಕೆ ನನ್ನ ಉತ್ತರ: ದಿನ ಬಂದಾಗ ಎಲ್ಲಿದ್ದೀರೋ ಅಲ್ಲಿ. ಸರ್ಕಾರಿ ಸೂಜಿ ಯಾವ ಊರಿನ ಕೇಂದ್ರದಲ್ಲಾದರೂ ಹಾಕುತ್ತಾರೆ, ಗಂಡನ ಊರಿನದ್ದೇ ಆಗಬೇಕಿಲ್ಲ. ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಗಂಡ, ಅತ್ತೆ, ಅಮ್ಮ ಎಲ್ಲರ ಮೊಬೈಲ್‌ಗೆ ಹಾಕಿ. ಈಗ ಯು-ವಿನ್ ಅಂತ ಆನ್‌ಲೈನ್ ದಾಖಲೆಯೂ ಇದೆ. ಪ್ರತಿ ಸಲ ಒಂದೇ ಮೊಬೈಲ್ ನಂಬರ್ ಕೊಡಿ. ತವರಿನಲ್ಲಿ ಅಪ್ಪನ ನಂಬರ್, ಅಲ್ಲಿ ಗಂಡನ ನಂಬರ್ ಕೊಟ್ಟರೆ ಒಂದೇ ಕೂಸು ಎರಡು ಕೂಸಾಗಿಬಿಡುತ್ತದೆ. ಗಂಡನ ಮನೆಗೆ ಹೋದ ವಾರವೇ ಅಲ್ಲಿನ ಆಶಾ ಅಕ್ಕನನ್ನು ಕರೆದು ಒಂದು ಲೋಟ ಚಹಾ ಕೊಟ್ಟು ಕೂಸನ್ನು ತೋರಿಸಿ.

ಒಂಬತ್ತನೇ ತಿಂಗಳ ಸೂಜಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಮೊದಲೆರಡು ಪಿಸಿವಿ ಡೋಸ್ ಕೂಸಿನ ಮೈಗೆ ಪರಿಚಯ ಮಾಡಿಸುತ್ತವೆ, ಮೂರನೆಯದ್ದು ಆ ನೆನಪನ್ನು ಗಟ್ಟಿ ಮಾಡುತ್ತದೆ. ದುಬಾರಿ ಬ್ರ್ಯಾಂಡಿನ ಎರಡು ಡೋಸ್ ಹಾಕಿಸಿ ಬೂಸ್ಟರ್ ಮರೆತವರಿಗಿಂತ ಪುಕ್ಕಟೆಯ ಮೂರನ್ನೂ ಹಾಕಿಸಿದವರು ಮುಂದೆ.

ಹೊಗೆ, ಸಿರಪ್ಪು, ಬಜೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಮನೆಯಲ್ಲಿ ಜಗಳ ಆಗುವ ವಿಷಯ. ಬಾಣಂತಿ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ, ಸ್ನಾನದ ಮೇಲೆ ಲೋಬಾನದ ಹೊಗೆ. ಎರಡೂ ಕೂಸಿನ ಎದೆಗೆ ಕೆಟ್ಟದ್ದು. ಮಂಡಕ್ಕಿ ಭಟ್ಟಿ ಕಡೆ ಮನೆ ಇರುವವರಿಗೆ, ಈ ತಿಂಗಳು ರಸ್ತೆ ತುಂಬ ಮೆಕ್ಕೆಜೋಳದ ಧೂಳು ಕುಡಿಯುವವರಿಗೆ ಹೊರಗಿನದ್ದೇ ಸಾಕಷ್ಟಿದೆ. ಒಳಗಿನದ್ದನ್ನಾದರೂ ನಿಲ್ಲಿಸಬಹುದು. ಬೆಚ್ಚಗಿಡಲು ಟೋಪಿ, ಕಾಲುಚೀಲ, ತಾಯಿಯ ಮೈ ಸಾಕು. ಅಮ್ಮನ ಜೊತೆ ಈ ವಿಷಯಕ್ಕೆ ನನಗೆ ಮೂರು ದಿನ ಮಾತು ಬಿಟ್ಟಿತ್ತು. ಈಗ ಲೋಬಾನ ದೇವರ ಕೋಣೆಯಲ್ಲಿ ಮಾತ್ರ.

ಕೆಮ್ಮಿನ ಸಿರಪ್ಪೋ ಮನೆಮದ್ದೋ ಅಂತ ಕೇಳಿದರೆ, ಎರಡು ವರ್ಷದೊಳಗೆ ಸಿರಪ್ ಬೇಡವೇ ಬೇಡ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯೇ ಹಾಗಂತ ಸೂಚನೆ ಹೊರಡಿಸಿದೆ. ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತಲೂ ಅದರಲ್ಲಿದೆ. ಮನೆಮದ್ದಿನಲ್ಲೂ ಎಚ್ಚರ ಬೇಕು. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಬಜೆ ತೇಯ್ದು ಅದರಲ್ಲಿ ಕಲಸಿಯೂ ಕೊಡಬಾರದು. ಮೂಗಿಗೆ ಎಣ್ಣೆ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಮಿಕ್ಕಂತೆ ಎದೆಹಾಲು, ಪದೇ ಪದೇ.

ಮನೆ, ಕ್ಲಿನಿಕ್ಕು, ದೊಡ್ಡಾಸ್ಪತ್ರೆ

ಸೂಜಿ ಎಲ್ಲಾ ಹಾಕಿಸಿದರೂ ಒಂದು ರಾತ್ರಿ ಕೂಸು ಗೊರ ಗೊರ ಅನ್ನುತ್ತದೆ. ಆಗ ಎಲ್ಲಿಗೆ ಓಡುವುದು? ಇದಕ್ಕೆ ಒಂದು ಅಳತೆ ಇದ್ದೇ ಇದೆ. ಕೂಸು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಮೇಲೆ ಬಂದರೆ ಅದು ವೇಗದ ಉಸಿರು. ಎರಡು ತಿಂಗಳು ದಾಟಿದ ಕೂಸಾದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ.

ಉಸಿರು ಎಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ ಕ್ಲಿನಿಕ್ ಬಾಗಿಲು ತೆಗೆಯುವ ತನಕ ಕಾಯಬೇಡಿ. ಆಕ್ಸಿಜನ್ ಇರುವ, ರಾತ್ರಿಯೂ ಡಾಕ್ಟರ್ ಇರುವ ಕಡೆಗೇ ನೇರ ಹೋಗಿ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಹಳ್ಳಿಯಿಂದಾದರೆ 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ವೇಗದ ಉಸಿರಾಗಲಿ, ಬರೀ ಜ್ವರವಾಗಲಿ ಬಂದರೂ ಇದೇ ಸಾಲಿಗೆ ಸೇರಿಸಿ. ಇದ್ಯಾವುದೂ ಇಲ್ಲದೆ ಬರೀ ನೆಗಡಿ, ಕೆಮ್ಮು ಇದ್ದು, ಹಾಲು ಕುಡಿಯುತ್ತಾ ಆಡುತ್ತಾ ಇದ್ದರೆ ಮನೆಯೇ ಸಾಕು. ಕೆಮ್ಮು ಎರಡು ಮೂರು ವಾರ ಎಳೆಯುವುದೂ ಉಂಟು.

ಇದನ್ನೆಲ್ಲ ತಂಗಿಗೆ ಹೇಳಿದ ಎರಡೇ ದಿನಕ್ಕೆ ಕೂಸಿಗೆ ಮೂಗು ಕಟ್ಟಿತು. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದಳು. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟು ಇಬ್ಬರೂ ಎಣಿಸಿದೆವು. ಅವಳಿಗೆ 46 ಬಂತು, ನನಗೆ 44. ಪಕ್ಕೆ ಸೆಳೆತ ಇಲ್ಲ, ಮೈ ಬಿಸಿ ಇಲ್ಲ. ಎದೆಗೆ ಹಾಕಿಕೊಂಡರೆ ಮೂಗು ಸೊರ ಸೊರ ಅನಿಸಿಕೊಂಡೇ ಹಾಲು ಕುಡಿಯಿತು. ದೀಪ ಆರಿಸಿ ಮಲಗಿದೆವು.

ಗುರುವಾರ ಆರು ವಾರ ತುಂಬಿತು. "ನೆಗಡಿ ಐತೆ, ಮುಂದಿನ ವಾರ ನೋಡಾಣ" ಅಂದಳು ಅಮ್ಮ. ಸಣ್ಣ ನೆಗಡಿಗೆ ಸೂಜಿ ಮುಂದೂಡಬೇಕಿಲ್ಲ ಅಂತ ಹೇಳಿ ಹೊರಡಿಸಿದೆ. ಸಿಸ್ಟರ್ ಕೂಸನ್ನು ನೋಡಿ, ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ ಹಾಕಿ, ಬಲತೋಳಿಗೆ ಪೋಲಿಯೊ ಸೂಜಿ, ಎಡತೊಡೆಗೆ ಪೆಂಟಾ, ಬಲತೊಡೆಗೆ ಪಿಸಿವಿ ಚುಚ್ಚಿದರು. ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ಅಷ್ಟರಲ್ಲಿ ತಂಗಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಜಗಳೂರಿನಲ್ಲಿರುವ ಗಂಡನಿಗೆ ಕಳಿಸಿದಳು. ಕೆಳಗೆ ಜುಲೈ ಅಂತಲೂ ಬರೆದಳು.